ಕಟ್ಟಿದ್ದೂ ಕಟ್ಟಿಕೊಂಡದ್ದೂ

ಮನೆಯನ್ನು ಕಟ್ಟುವುದು ಒಂದು ಸಾಹಸ. ಕಟ್ಟಿದ ಮನೆಯಲ್ಲಿ ಏನೂ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಸಾಹಸ. ಮೊದಲನೆಯದಕ್ಕೆ ಬ್ಯಾಂಕಿನವರು ಸಾಲ ಕೊಡುತ್ತಾರೆ, ಬಂಧುಗಳು ಉಡುಗೊರೆ ಕೊಡುತ್ತಾರೆ, ಸ್ವಾಮಿಗಳು ಆಶೀರ್ವಾದ ಕೊಡುತ್ತಾರೆ. ಎರಡನೆಯದಕ್ಕೆ ಯಾರೂ ಏನನ್ನೂ ಕೊಡುವುದಿಲ್ಲ. ಬೈಲಹೊಂಗಲದಲ್ಲಿ ಮೂರು ವರ್ಷಗಳ ಹಿಂದೆ ನಾನು ಕಟ್ಟಿಸಿದ ಪುಟ್ಟ ಮನೆಯಲ್ಲಿ, ಕಳೆದ ಭಾರತ ಹುಣ್ಣಿಮೆಯ ಮುನ್ನಾದಿನ, ಶನಿವಾರ ಬೆಳಗಿನ ಆರು ಗಂಟೆಗೆ ಕಟ್ಟಿಕೊಂಡದ್ದು ಯಾವುದೆಂಬುದನ್ನು ಸುಸಂಸ್ಕೃತ ವಾಚಕರ ಮುಂದೆ ಹೇಗೆ ಹೇಳಲಿ?

ಭಾಷೆಯ ಅಧ್ಯಾಪಕನಾದುದರಿಂದ ನನ್ನನ್ನು ಮೊದಲು ಕಾಡಿದ್ದು ಶಬ್ದದ ತೊಡಕು. ನಮ್ಮ ಸೀಮೆಯಲ್ಲಿ ಆ ಕೋಣೆಗೆ ‘ಸಂಡಾಸ’ ಎನ್ನುತ್ತಾರೆ. ಅದು ಮರಾಠಿಯ ನೆರೆಹೊರೆಯಿಂದ ಬಂದದ್ದು. ಹಿರಿಯರು ‘ಪಾಯಖಾನೆ’ ಎನ್ನುವರು. ಅದು ಪಾರಸಿ, ಕಾಲಿಡುವ ಮನೆಯೆಂದು ಅದರ ಅಕ್ಷರಾರ್ಥ. ಮೈಸೂರು ಕಡೆಯವರ ‘ಕಕ್ಕಸು’ ಡಚ್ಚರ ಮಾತಿನಿಂದ ಬಂದಿದೆಯೆಂದು ಪಂಡಿತರ ಮತ. ‘ಶೌಚಾಲಯ’ವಂತೂ ಶುದ್ಧ ಸಂಸ್ಕೃತ. ಅಚ್ಚಗನ್ನಡದಲ್ಲಿ ಹುಡುಕಿದರೆ ಸಿಗುವುವು ‘ಹೊರಕಡೆ’, ‘ಬಯಲಕಡೆ’, ‘ಚರಿಗೆ ತೆಗೆದುಕೊಂಡು ಹೋಗುವುದು’ ಎಂಬ ಮಾತುಗಳು. ಎಲ್ಲವೂ ಮನೆಯಿಂದ ದೂರಕ್ಕೆ ಬೆರಳು ತೋರಿಸುವಂಥವು. ಮನೆಯೊಳಗೆ ಬಂದು ನೆಲಸಿದ ಈ ಕೋಣೆಗೆ ನಾವು ಸ್ವಂತದ ಹೆಸರನ್ನೇ ಇಟ್ಟಿಲ್ಲ. ಹೆಸರಿಡದೆ ಇರುವುದರಲ್ಲಿ ಎಷ್ಟು ಅನುಕೂಲವಿದೆಯೆಂಬುದು ಅಂದು ಮಧ್ಯಾಹ್ನದೊಳಗೆ ನನಗೆ ತಿಳಿಯುವುದಿತ್ತು.

ಸಂಗತಿ ಇಷ್ಟು. ನನ್ನ ಅತ್ತೆಯವರ ಊರು ಕಿತ್ತೂರು. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವುದು ಅವರ ಮನೆತನದ ನಡಾವಳಿ. ಕಿತ್ತೂರಿನಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ ಬೈಲಹೊಂಗಲವಿದೆ, ಬೈಲಹೊಂಗಲದಲ್ಲಿ ಅಳಿಯನಿದ್ದಾನೆ. ಅತ್ತೆ, ಅವರ ತಮ್ಮ, ಇಬ್ಬರು ನಾದಿನಿಯರು, ಅವರ ಮಕ್ಕಳು, ಹೀಗೆ ಒಟ್ಟು ಒಂಬತ್ತು ಜನ ಹೋಳಿಗೆ, ಕಡಬಿನ ಬುತ್ತಿಗಳೊಡನೆ ಶುಕ್ರವಾರ ರಾತ್ರಿ ನಮ್ಮಲ್ಲಿ ಇಳಿದುಕೊಂಡರು. ಮನೆ ತುಂಬಿತು, ನಮ್ಮಾಕೆಯ ಮುಖ ಅರಳಿತು. ಬೆಳಗಾಗುವುದರೊಳಗೆ ಆ ಮುಖ ಬಾಡಿತ್ತು.

“ಏನ್ರೀ, ಏಳ್ರಿ. ಸಂಡಾಸದಾಗ ನೀರು ಇಳೀವಲ್ದು.”

ಎದ್ದು ನೋಡಿದೆ. ವರ್ಣನೆಯನ್ನು ಬಿಡುತ್ತೇನೆ. ಕಾವ್ಯದಲ್ಲಿ ಸರೋವರಗಳ ವರ್ಣನೆಯನ್ನು ಇಪ್ಪತ್ತು ಗುಣಾಂಕಗಳಿಗೆ ಕೇಳುವ ನಾನು ಆ ಸರೋವರದ ಮುಂದೆ ಮೂಕನಾದೆನೆಂದರೆ ಸಾಕು.

ಗಂಡಸರಿಗೆ ದಾರಿ ಸುಲಭವಿತ್ತು. ಚರಿಗೆ ಹಿಡಿದು ಹಳ್ಳದ ಕಡೆಗೆ ಹೊರಟರು. ಬಾಲ್ಯ ಮರುಕಳಿಸಿತೆಂದು ಅತ್ತೆಯ ತಮ್ಮನವರು ಸಂತೋಷವನ್ನೂ ಪಟ್ಟರು. ಹೆಂಗಸರ ಪಾಡು ಬೇರೆ. ನೆರೆಮನೆಯ ಬಾಗಿಲು ತಟ್ಟಿ, ನಾಚಿಕೆಯಿಂದ ತಲೆತಗ್ಗಿಸಿ, ಒಬ್ಬರಾದ ಮೇಲೆ ಒಬ್ಬರು ಹೋಗಿ ಬರಬೇಕಾಯಿತು. ಹದಿನಾಲ್ಕರ ಹರೆಯದ ಹುಡುಗಿಯೊಬ್ಬಳು ಮಾತ್ರ, ತನಗೆ ಹೋಗುವ ಅವಶ್ಯವೇ ಇಲ್ಲವೆಂದು ಹಟ ಹಿಡಿದು, ಬೆಳಗಿನ ಚಹವನ್ನೂ ನೀರನ್ನೂ ಮುಟ್ಟದೆ ಕುಳಿತಳು. ಅಡಚಣೆ ಕೊಳವೆಯಲ್ಲಿದ್ದರೂ ಅದರ ಭಾರವನ್ನು ಹೊತ್ತವರು ಯಾರೆಂಬುದು ಆ ಹುಡುಗಿಯ ಒಣಗಿದ ತುಟಿಗಳಲ್ಲಿ ಕಾಣುತ್ತಿತ್ತು.

ಹಳ್ಳದಿಂದ ಹಿಂತಿರುಗಿದ ಅತ್ತೆಯ ತಮ್ಮನವರು ಕಟ್ಟೆಯ ಮೇಲೆ ಕುಳಿತು, ಈಗಿನ ಕಟ್ಟೋಣಗಳ ಯೋಗ್ಯತೆಯ ಬಗ್ಗೆ ಉಪನ್ಯಾಸ ಮಾಡಿದರು. “ನಮ್ಮ ಕಿತ್ತೂರ ಅರಮನಿ ನೋಡ್ರಿ. ಆಗಿನ ಕಾಲಕ್ಕ ಸ್ನಾನದ ಮನಿ, ನೀರಿನ ಕೊಳವಿ! ಎಂದಾದ್ರೂ ಕಟ್ಟಿತ್ತೇನು?” ಮಾತು ಸುಳ್ಳಲ್ಲ. ಕಿತ್ತೂರಿನ ಕೋಟೆಯ ಅವಶೇಷಗಳಲ್ಲಿ ಸ್ನಾನಗೃಹಗಳನ್ನೂ ನೀರು ಹರಿದ ಕೊಳವೆಯ ಗುರುತುಗಳನ್ನೂ ಇಂದಿಗೂ ನೋಡಬಹುದು. 1824ರ ಅಕ್ಟೋಬರ 23ರಂದು ಥ್ಯಾಕರೆ ಬಿದ್ದ ಸ್ಥಳವನ್ನು ನಾವು ಮಕ್ಕಳಿಗೆ ತೋರಿಸುತ್ತೇವೆ. 1829ರಲ್ಲಿ ರಾಣಿ ಚೆನ್ನಮ್ಮ ಸೆರೆಯಲ್ಲಿ ಪ್ರಾಣ ಬಿಟ್ಟದ್ದು ನಮ್ಮ ಬೈಲಹೊಂಗಲದಲ್ಲಿಯೇ, ಆಕೆಯ ಸಮಾಧಿಗೆ ನಮಸ್ಕರಿಸುತ್ತೇವೆ. ಆದರೆ ಅರಮನೆಯ ಆ ಕೊಳವೆ ಎಂದಾದರೊಮ್ಮೆ ಕಟ್ಟಿಕೊಂಡಿದ್ದರೆ ಅದನ್ನು ತೆಗೆದವರು ಯಾರು? ಅದನ್ನು ಯಾವ ಬಖೈರಿನಲ್ಲಿ ಹುಡುಕುವುದು?

ಮೊದಲ ಕರ್ತವ್ಯವೆಂದು ಅಪರಾಧಿಯ ಶೋಧಕ್ಕೆ ತೊಡಗಿದೆ. ಮನೆಯ ಯಜಮಾನನಿಗೆ ಇದು ಸಹಜವಾದ ಕ್ರಮ. ಮಗನನ್ನು ಗದರಿಸಿದೆ, ಅವನ ಬುಗರಿ ಜೇಬಿನಲ್ಲಿಯೇ ಇತ್ತು. ಮಡದಿಯನ್ನು, ಪಾತ್ರೆ ತಿಕ್ಕುವ ನಾರು ಎಲ್ಲಿಯೆಂದು ಕೇಳಿದೆ. ಅದು ಬಚ್ಚಲಲ್ಲಿಯೇ ಇತ್ತು. ಬಂದ ಬೀಗರನ್ನು ಬಾಯಿಬಿಟ್ಟು ಕೇಳಲಾಗದೆ ಕಣ್ಣಿನಿಂದಲೇ ಸಂಶಯಪಟ್ಟೆ. ಆ ಬಳಿಕ ಅಂಗಡಿಗೆ ಹೋಗಿ ಆಸಿಡ್ಡಿನ ಸೀಸೆಯನ್ನೂ ಬ್ಲೀಚಿಂಗ್ ಪುಡಿಯನ್ನೂ ತಂದು, ಎರಡನ್ನೂ ಒಮ್ಮೆಗೇ ಸುರಿಯುವ ವಿಚಾರದಲ್ಲಿದ್ದೆ. ವಿಜ್ಞಾನ ಓದಿದ ನಾದಿನಿಯೊಬ್ಬಳು ಕೈ ಹಿಡಿದು ನಿಲ್ಲಿಸಿದಳು. ಅವೆರಡೂ ಕೂಡಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುವುದಂತೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯವಂತೆ. ಎಂ.ಎ. ಪದವಿಯ ಮಿತಿ ನನಗೆ ಆಗ ತಿಳಿಯಿತು.

ಕೊನೆಗೆ ಎಲ್ಲ ಮಧ್ಯಮವರ್ಗದವರೂ ಮಾಡುವುದನ್ನೇ ಮಾಡಿದೆ, “ಯಾರಾದರೂ ಇದ್ದಾರೆಯೇ?” ಎಂದು ಕೇಳಲು ಸಹೋದ್ಯೋಗಿ ಮಿತ್ರರೊಬ್ಬರಿಗೆ ಫೋನು ಹಚ್ಚಿದೆ.

“ಅದಕ್ಯಾಕ ತಲೀ ಕೆಡಿಸ್ಕೋತೀರಿ? ಒಬ್ಬಾವ ಅದಾನ. ಐದನೂರು ಕೊಡ್ರಿ, ಮ್ಯಾಲೊಂದು ಬಾಟ್ಲಿಗೆ ಕೊಡ್ರಿ. ಕೈ ಹಾಕೇ ತಗದ ಬಿಡತಾನ. ನಂಬರ ಕಳಸತೇನಿ.” ಸ್ವಲ್ಪ ತಡೆದು, ಸಹಜವಾಗಿಯೇ ಮುಂದುವರಿಸಿದರು: “ನಿಮಗೂ ಗುರುತ ಇರಬೇಕಲ್ರೀ. ಅವನ ಮಗಾ ನಿಮ್ಮ ಬಿ.ಎ. ಎರಡನೇ ವರ್ಷದಾಗ ಅದಾನ. ಮೂರನೇ ಬೆಂಚಿನ್ಯಾಗ ಕೂಡತಾನ ನೋಡ್ರಿ, ಅಂವಾ.”

ಕ್ಷಣದಲ್ಲಿ ನಂಬರು ಬಂದಿತು. ಫೋನಿನ ಪುಟದಲ್ಲಿ ಅದರ ಮೇಲೆ ಮನುಷ್ಯನ ಹೆಸರಿರಲಿಲ್ಲ. ‘ಸಂಡಾಸ’ ಎಂದಿತ್ತು.

ಮೂರನೆಯ ಬೆಂಚಿನ ಆ ಹುಡುಗನನ್ನು ನಾನು ಬಲ್ಲೆ. ಬರವಣಿಗೆ ದುಂಡಗೆ, ಮಾತು ಕಡಿಮೆ. ಹಿಂದಿನ ವಾರವಷ್ಟೇ ವಚನಸಾಹಿತ್ಯವನ್ನು ಪಾಠ ಹೇಳುತ್ತ, ಹನ್ನೆರಡನೆಯ ಶತಮಾನದ ಶರಣರು ಕಾಯಕದಲ್ಲಿ ಮೇಲುಕೀಳೆಂಬುದಿಲ್ಲವೆಂದು ಸಾರಿದರೆಂದು ಮುಕ್ಕಾಲು ಗಂಟೆ ಮಾತನಾಡಿದ್ದೆ. ಅವನು ತಲೆಯೆತ್ತದೆ ಟಿಪ್ಪಣಿ ಬರೆದುಕೊಂಡಿದ್ದ. ಈಗ ಅವನ ತಂದೆಗೆ ಫೋನು ಮಾಡಿ ನನ್ನ ಮನೆಯ ಮಲಕ್ಕೆ ಕೈ ಹಾಕಲು ಕರೆಯಬೇಕು. ಬೆರಳು ನಿಂತಿತು.

ನಿಂತಿತೆಂದು ಹೆಮ್ಮೆಪಡುವ ಹಾಗಿಲ್ಲ. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅವನು ನನ್ನ ವಿದ್ಯಾರ್ಥಿಯ ತಂದೆಯಾಗಿರದಿದ್ದರೆ, ಮಿತ್ರರು ಆ ಕೊನೆಯ ವಾಕ್ಯವನ್ನು ಸೇರಿಸದೆ ಇದ್ದಿದ್ದರೆ, ನಾನು ನಿಸ್ಸಂಕೋಚವಾಗಿ ಆ ನಂಬರನ್ನು ಒತ್ತುತ್ತಿದ್ದೆ. ಐದುನೂರನ್ನು ಕೊಟ್ಟು, ಬಾಟ್ಲಿಯ ಹಣವನ್ನೂ ಕೊಟ್ಟು, ಆತ ಹೊರಟ ಮೇಲೆ ಅಂಗಳ ತೊಳೆಸಿ, ಮಧ್ಯಾಹ್ನ ಹೋಳಿಗೆ ಉಂಡು, ಸೋಮವಾರ ಮತ್ತೆ ಕಾಯಕದ ಪಾಠ ಹೇಳುತ್ತಿದ್ದೆ. ಕುಡಿದ ಹೊರತು ಮಾಡಲಾಗದಂಥ ಕೆಲಸವನ್ನು ಮಾಡಿಸಿ, ಆಮೇಲೆ ಆತನ ಕುಡಿತದ ಬಗ್ಗೆ ವಿಷಾದವನ್ನೂ ವ್ಯಕ್ತಪಡಿಸುತ್ತಿದ್ದೆನೇನೋ. ನನ್ನನ್ನು ತಡೆದದ್ದು ಧರ್ಮವಲ್ಲ, ಪರಿಚಯ.

ಮನಸ್ಸು ಕಲಕಿದಾಗ ರಾಮದುರ್ಗಕ್ಕೆ, ನಮ್ಮ ತಂದೆಯವರಿಗೆ ಫೋನು ಮಾಡುವುದು ನನ್ನ ರೂಢಿ. ಅವರು ನಿವೃತ್ತ ಶಾಲಾ ಮಾಸ್ತರರು. ವಿಷಯ ಕೇಳಿ ಮೊದಲು ನಕ್ಕರು. ಆಮೇಲೆ ತಮ್ಮ ಬಾಲ್ಯದ, ಎಂದರೆ 1960ರ ದಶಕದ ಪೇಟೆಯ ಮನೆಯನ್ನು ನೆನೆಸಿಕೊಂಡರು. ಮನೆಯ ಹಿಂದೆ ಸಂದಿ, ಸಂದಿಗೆ ತೆರೆದುಕೊಳ್ಳುವ ಸಣ್ಣ ತಗಡಿನ ಕದ, ಒಳಗೆ ಡಬ್ಬಿ. ಕತ್ತಲಿರುವಾಗಲೇ ಒಬ್ಬ ಹೆಣ್ಣುಮಗಳು ಬಂದು ಬುಟ್ಟಿಗೆ ಬಳಿದುಕೊಂಡು ತಲೆಯ ಮೇಲೆ ಹೊತ್ತು ಹೋಗುತ್ತಿದ್ದಳು. ಹಬ್ಬದ ಮರುದಿನ ನಮ್ಮಜ್ಜಿ ಉಳಿದ ರೊಟ್ಟಿಯನ್ನು ಮೇಲಿನಿಂದ ಅವಳ ಸೆರಗಿಗೆ ಹಾಕುತ್ತಿದ್ದರು, ಮುಟ್ಟದ ಹಾಗೆ.

“ಆಕೀ ಹೆಸರೇನಿತ್ತಪಾ?” ಎಂದು ಕೇಳಿದೆ.

ಬಹಳ ಹೊತ್ತು ಸದ್ದಿಲ್ಲ. “ಯಾರಿಗೂ ಗೊತ್ತಿರಲಿಲ್ಲೋ ತಮ್ಮಾ. ಕೇಳಬೇಕಂತ ಅನಸಿದ್ದೂ ಇಲ್ಲ.” ಆಮೇಲೆ ಅವರೇ ಹೇಳಿದರು: “ಬಸವಲಿಂಗಪ್ಪನವರು ಮಂತ್ರಿ ಆದ ಮ್ಯಾಲೆ ಆ ಬುಟ್ಟಿ ತಲೀ ಮ್ಯಾಲಿಂದ ಇಳೀತು.”

ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕನ್ನಡದ ಅಧ್ಯಾಪಕರಾದ ನಾವು ಅವರನ್ನು ಹೇಗೆ ನೆನೆಯುತ್ತೇವೆ? 1973ರಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ‘ಬೂಸಾ’ ಎಂಬ ಒಂದು ಶಬ್ದದಿಂದ! ಆ ಶಬ್ದದ ಮೇಲೆ ನಾಡೆಲ್ಲ ಗದ್ದಲವೆದ್ದು ಅವರ ಮಂತ್ರಿಪದವಿ ಹೋಯಿತು. ಬುಟ್ಟಿಯನ್ನು ಇಳಿಸಿದ್ದರ ಬಗ್ಗೆ ಪರೀಕ್ಷೆಯಲ್ಲಿ ಒಂದು ಗುಣಾಂಕದ ಪ್ರಶ್ನೆಯನ್ನೂ ನಾನು ಈವರೆಗೆ ಕೇಳಿದ್ದಿಲ್ಲ.

ಫೋನು ಕೆಳಗಿಟ್ಟು, ಈ ಸಲ ಮನೆ ಕಟ್ಟಿದ ಗೌಂಡಿಗೆ ಕರೆ ಮಾಡಿದೆ. ಬರಲಿಕ್ಕಲ್ಲ, ಕಲಿಸಲಿಕ್ಕೆ.

ಗೌಂಡಿಯ ಪಾಠ ನನ್ನ ಪಾಠಕ್ಕಿಂತ ಸ್ಪಷ್ಟವಾಗಿತ್ತು. “ಸರ, ಮೊದಲ ಹೊರಗಿನ ಚೇಂಬರದ ಮುಚ್ಚಳಾ ಸರಸರಿ. ಸ್ವಲ್ಪ ಹೊತ್ತು ಹಂಗ ಬಿಡ್ರಿ. ಬಗ್ಗಿ ಮಾರಿ ಹಾಕಬ್ಯಾಡ್ರಿ, ಒಳಗ ಗ್ಯಾಸ ಇರತೈತಿ. ಆಮ್ಯಾಲ ನೋಡ್ರಿ. ಚೇಂಬರ ತುಂಬಿದ್ರ ತಕರಾರು ಮುಂದ ಟಾಕಿ ಕಡೆ. ಖಾಲಿ ಇದ್ರ ನಿಮ್ಮ ಬಾಂಡಿ ಕೆಳಗಿನ ಡೊಂಕಿನ್ಯಾಗ.” ನೋಡಿದೆ, ಖಾಲಿ. ಸಾಕುವ ಟ್ಯಾಂಕನ್ನು ಬರಿದು ಮಾಡುವ ಯಂತ್ರದ ಗಾಡಿಯನ್ನು ಕರೆಸಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಅದು ಹೊಟ್ಟೆಯನ್ನು ಬರಿದು ಮಾಡೀತು. ಗಂಟಲಲ್ಲಿ ಸಿಕ್ಕಿದ್ದನ್ನು ತೆಗೆಯದು.

ಆ ಡೊಂಕಿನದೂ ಒಂದು ಚರಿತ್ರೆಯಿದೆ. ಕೊಳವೆಯನ್ನು ಹಾವಿನಂತೆ ಬಳುಕಿಸಿ, ಆ ಬಳುಕಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುವ ಹಾಗೆ ಮಾಡಿದರೆ, ಆ ನೀರೇ ಬಾಗಿಲಾಗಿ ಕೆಳಗಿನ ದುರ್ವಾಸನೆಯನ್ನು ತಡೆಯುತ್ತದೆ. ಈ ಉಪಾಯಕ್ಕೆ 1775ರಲ್ಲಿ ಪೇಟೆಂಟು ಪಡೆದವನು ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಿಸುವವನು. ನಾಲ್ಕು ಬೆರಳಿಗಿಂತ ಕಡಿಮೆ ಆಳದ ಆ ನೀರು ಇಲ್ಲದಿದ್ದರೆ ಸಂಡಾಸ ಮನೆಯೊಳಗೆ ಬರುತ್ತಲೇ ಇರಲಿಲ್ಲ. ಬಿಂದೇಶ್ವರ ಪಾಠಕರು 1970ರಲ್ಲಿ ಆರಂಭಿಸಿದ ಸುಲಭ ಸಂಸ್ಥೆ ಈ ನೀರಿನ ಆಳವನ್ನು 20 ಮಿಲಿಮೀಟರಿಗೆ ಇಳಿಸಿ, ಬಾಂಡಿಯ ಇಳಿಜಾರನ್ನು ಹೆಚ್ಚಿಸಿ, ಒಂದೂವರೆ ಎರಡು ಲೀಟರು ನೀರಿನಿಂದಲೇ ತೊಳೆದುಹೋಗುವಂತೆ ಮಾಡಿತು. ಜೊತೆಗೆ ಎರಡು ಗುಂಡಿ: ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದು ಒಣಗಿ ಗೊಬ್ಬರವಾಗುವ ತನಕ ಕಾಯುವುದು. ಯಾರ ಕೈಯೂ ಹಸಿಮಲವನ್ನು ಮುಟ್ಟಬಾರದೆಂಬುದೇ ಅದರ ಗುರಿ. ಒಂದು ಸಮಾಜದ ಪಾಪವನ್ನು ಒಂದು ಕೊಳವೆಯ ಬಾಗು ಇಷ್ಟು ಕಡಿಮೆ ಮಾಡಬಲ್ಲುದಾದರೆ, ಮನಸ್ಸು ಬಾಗಿದ್ದರೆ ಎಷ್ಟಾಗುತ್ತಿತ್ತು!

ಹಳೆಯ ಧೋತರ ಉಟ್ಟು, ಮೊಳಕೈತನಕ ಪ್ಲಾಸ್ಟಿಕ್ ಚೀಲ ಬಿಗಿದು ಒಳಗೆ ಹೋದೆ. ಹೋಗಿ ಹಾಗೆಯೇ ನಿಂತೆ. ಹೊಟ್ಟೆ ತೊಳಸಿತು, ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ಅತ್ತೆಯವರ ಧ್ವನಿ ಕೇಳಿಸಿತು. ಎಪ್ಪತ್ತರ ಆ ಹಿರಿಯರು ಬಕೀಟು ಹಿಡಿದುಕೊಂಡು ನಿಂತಿದ್ದರು.

“ಸರೀರಿ ಅಳಿಯಾರ, ನಾ ತಗೀತೇನಿ. ಏಳು ಮಕ್ಕಳ್ನ ಹಡದಾಕಿ ನಾನು. ಹೇಸಿಗಿ ಅಂದಿದ್ರ ಅವು ಬೆಳೀತಿದ್ವೇನು?”

ಆ ಮಾತಿಗೆ ನಾಚಿ ಕೆಲಸಕ್ಕೆ ಬಾಗಿದೆ. ತಾಯಿ ತನ್ನ ಮಗುವಿನದನ್ನು ಬಳಿಯುವುದು ನಿಜ. ಆದರೆ ಊರಿನ ಮಲವನ್ನು ಒಂದೇ ಜಾತಿಯವರು ತಲೆಮಾರುಗಳವರೆಗೆ ಬಳಿಯಬೇಕೆಂದು ಕಟ್ಟುಮಾಡಿ, ಅದಕ್ಕೆ ತಾಯ್ತನದ ಹೋಲಿಕೆ ಕೊಟ್ಟು ಹೊಗಳುವುದು ಬೇರೆ. ಆ ಹೊಗಳಿಕೆಯಿಂದ ಅವರ ಕೈ ತೊಳೆದಂತಾಗುವುದಿಲ್ಲ. ತೊಳೆದಂತಾಗುವುದು ನಮ್ಮ ಕೈ.

ತುಂಬಿದ್ದನ್ನು ಮೊದಲು ಹಳೆಯ ಮಗ್ಗಿನಿಂದ ಬಕೀಟಿಗೆ ಮೊಗೆದೆ. ಅತ್ತೆಯವರು ಅದನ್ನು ಒಯ್ದು ನೇರವಾಗಿ ಹೊರಗಿನ ಚೇಂಬರಿಗೆ ಸುರಿದರು. ಮಡದಿ ಬಾಗಿಲಲ್ಲಿ ಬ್ಯಾಟರಿ ಹಿಡಿದಳು. ನೆಲ ಒರೆಸುವ ಕೋಲಿನ ತುದಿಗೆ ಬಟ್ಟೆ ಸುತ್ತಿ, ಮೇಲೆ ಚೀಲ ಬಿಗಿದು, ಬಾಂಡಿಯ ಬಾಯಿಗೆ ಒತ್ತಿ ಒತ್ತಿ ಎಳೆದೆ. “ದಬ್ಬಬ್ಯಾಡ್ರಿ ಸರ, ಜಗ್ಗರಿ, ದಬ್ಬಿದ್ರ ಇನ್ನಷ್ಟು ಬಿಗೀತೈತಿ” ಎಂದು ಗೌಂಡಿ ಎಚ್ಚರಿಸಿದ್ದ. ಹತ್ತನೆಯದೋ ಹದಿನೈದನೆಯದೋ ಎಳೆತಕ್ಕೆ ಒಳಗೆ ಏನೋ ಸಡಿಲಿತು. ಕೊಕ್ಕೆಯಾಗಿ ಬಗ್ಗಿಸಿದ ಕಬ್ಬಿಣದ ತಂತಿಯನ್ನು ಇಳಿಸಿ ತಿರುವಿದೆ. ತೊಡರಿತು. ಜಗ್ಗಿದೆ. ಮೊದಲು ಒಂದು ಅಂಚು, ಆಮೇಲೆ ಒಂದು ತೋಳು, ಆಮೇಲೆ ಇಡೀ ವಸ್ತು ಹೊರಬಂತು. ಗುಡುಗಿನಂಥ ಸದ್ದಿನೊಡನೆ ನೀರು ಇಳಿಯಿತು.

ಬ್ಯಾಟರಿಯ ಬೆಳಕಿನಲ್ಲಿ ಎಲ್ಲರೂ ನೋಡಿದರು. ಅದು ನನ್ನದೇ ಹಳೆಯ ಬನಿಯನ್ನು! ಬೀಗರು ಬರುವರೆಂದು ಶುಕ್ರವಾರ ಸಂಜೆ ಅದರಿಂದಲೇ ಮೋಟಾರು ಸೈಕಲ್ಲನ್ನು ಒರೆಸಿ, ಕೊಳೆನೀರಿನ ಬಕೀಟನ್ನು ಕತ್ತಲಲ್ಲಿ ಸಂಡಾಸಕ್ಕೆ ಸುರಿದವನು ನಾನು. ಮಗ ಜೇಬಿನಲ್ಲಿದ್ದ ಬುಗರಿಯನ್ನು ಮುಟ್ಟಿ ನೋಡಿಕೊಂಡ. ಮಡದಿ ಒಂದು ಮಾತನ್ನೂ ಆಡಲಿಲ್ಲ. ದಾಂಪತ್ಯದಲ್ಲಿ ಇದಕ್ಕಿಂತ ಕಠಿಣವಾದ ಶಿಕ್ಷೆ ಬೇರೆಯಿಲ್ಲ.

ಒಟ್ಟು ನಲವತ್ತು ನಿಮಿಷಗಳ ಕೆಲಸ. ಎರಡು ಸಲ ಸೋಪು ಹಚ್ಚಿ ಮಿಂದೆ. ಹೊಲಸು ಹೋಯಿತು; ಆ ಹದಿನಾಲ್ಕರ ಹುಡುಗಿ ಒಂದು ತಂಬಿಗೆ ನೀರನ್ನು ಗಟಗಟನೆ ಕುಡಿದಳು. ಮಧ್ಯಾಹ್ನ ಬೀಗರೆಲ್ಲ “ಉಧೋ ಉಧೋ” ಎನ್ನುತ್ತ ಗುಡ್ಡದ ದಾರಿ ಹಿಡಿದರು. ಲಕ್ಷಾಂತರ ಜನ ಸೇರುವ ಆ ಗುಡ್ಡದಲ್ಲಿಯೂ ಹುಣ್ಣಿಮೆಯ ಮರುದಿನ ಯಾರೋ ಬಳಿಯಬೇಕಷ್ಟೆ ಎಂಬ ವಿಚಾರ ಅವರನ್ನು ಕಳಿಸುವಾಗ ಮೊದಲ ಸಲ ನನ್ನ ತಲೆಗೆ ಬಂತು.

ಕಾನೂನು ಇಲ್ಲವೆಂದಲ್ಲ. ಮಲ ಬಳಿಯಲು ಜನರನ್ನು ನೇಮಿಸುವುದನ್ನು 1993ರ ಕಾಯಿದೆ ನಿಷೇಧಿಸಿತು. 2013ರ ಕಾಯಿದೆ ರಕ್ಷಣೆಯಿಲ್ಲದೆ ಗಟಾರ, ಟ್ಯಾಂಕುಗಳಿಗೆ ಇಳಿಸುವುದನ್ನೂ ಅಪರಾಧವೆಂದಿತು. ಹಾಗೆ ಇಳಿದು ಸತ್ತವರ ಮನೆಯವರಿಗೆ ಹತ್ತು ಲಕ್ಷ ಕೊಡಬೇಕೆಂದು 2014ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯ, 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ದರೆ ಪರಿಹಾರವನ್ನು ಏರಿಸುವ ಕಾರಣವಿರುತ್ತಿರಲಿಲ್ಲ. ಎರಡು ಕಾಯಿದೆಗಳ ನಡುವೆ, 2010ರ ಜುಲೈನಲ್ಲಿ, ಸವಣೂರಿನ ಭಂಗಿ ಸಮಾಜದವರು ತಮ್ಮ ಮನೆಗಳನ್ನು ತೆರವು ಮಾಡಿಸುವುದರ ವಿರುದ್ಧ ಮಲವನ್ನು ತಮ್ಮ ಮೈಮೇಲೆಯೇ ಸುರಿದುಕೊಂಡು ನಿಂತಾಗ ಮಾತ್ರ ನಾಡು ಅವರತ್ತ ತಿರುಗಿ ನೋಡಿತು. ಕಾಯಿದೆ ಪುಸ್ತಕದಲ್ಲಿತ್ತು, ಅದನ್ನು ಮುರಿಯುವ ನಂಬರು ನನ್ನ ಫೋನಿನಲ್ಲಿತ್ತು.

ಸೋಮವಾರ ತರಗತಿಗೆ ಹೋದೆ. ಹಾಜರಿ ಪುಸ್ತಕ ತೆರೆದೆ. ನಮ್ಮ ಸೀಮೆಯ ಹೆಸರುಗಳ ಕಟ್ಟು ವಾಚಕರಿಗೆ ಗೊತ್ತಿರಬಹುದು: ಮೊದಲು ಮಗನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಮೂರನೆಯ ಬೆಂಚಿನ ಹುಡುಗನ ಸರದಿ ಬಂತು. ಮೂರೂ ಹೆಸರುಗಳನ್ನು ಓದಿದೆ. ನಡುವಿನದಕ್ಕೆ ಬಂದಾಗ ಧ್ವನಿ ಒಂದಿಷ್ಟು ತಡೆಯಿತು. ಒಂದೂವರೆ ವರ್ಷದಿಂದ, ವಾರಕ್ಕೆ ನಾಲ್ಕು ದಿನ, ಆ ಮನುಷ್ಯನ ಹೆಸರನ್ನು ನಾನು ಗಟ್ಟಿಯಾಗಿ ಕೂಗುತ್ತ ಬಂದಿದ್ದೆ. ಶನಿವಾರ ಬೆಳಿಗ್ಗೆ ಅದು ನನಗೆ ಗೊತ್ತಿರಲಿಲ್ಲ.

“ಎಸ್ ಸರ್” ಎಂದ ಹುಡುಗ. ಗುರುತು ಹಾಕಿದೆ. ಫೋನನ್ನು ತೆಗೆದು, ಮಿತ್ರರು ಕಳಿಸಿದ ನಂಬರಿನ ಮೇಲಿದ್ದ ಶಬ್ದವನ್ನು ಅಳಿಸಿ, ಆ ನಡುವಿನ ಹೆಸರನ್ನು ಬರೆದೆ. ಆಮೇಲೆ ಪಾಠಕ್ಕೆ ಹೊರಳಿದೆ. ಅಂದು ಓದಬೇಕಾದದ್ದು ಸತ್ಯಕ್ಕನ ವಚನಗಳನ್ನು. ಶಿವಭಕ್ತರ ಅಂಗಳದ ಕಸ ಗುಡಿಸುವುದು ಆಕೆಯ ಕಾಯಕವಾಗಿತ್ತೆಂದು ಟಿಪ್ಪಣಿ ಕೊಡುವಾಗ, ಈ ಸಲ ನಾನು ಮುಕ್ಕಾಲು ಗಂಟೆ ಮಾತನಾಡಲಿಲ್ಲ.